ಬೇಲಿಯ ಲೆಕ್ಕ

ಪ್ರತಿ ಹೊಸ ವರ್ಷಕ್ಕೂ ಓತಿಯಾ
ವೈನಿನ ಕೊಂಬೆತ್ತಿ ಕುತೈಸಿಯ ನೆಂಟರೆದುರು ಸಾರುತ್ತಿದ್ದ:
ಇನ್ನು ನಾನು ಬೇರೆಯೇ ಮನುಷ್ಯ.
ಮೂರನೆಯ ದಿನಕ್ಕೆ
ಅದೇ ಮನುಷ್ಯ, ಅದೇ ಬೈಗುಳ,
ತಲೆನೋವೊಂದು ಹೆಚ್ಚಿಗೆ.

ಈ ಸಲ ಏನೂ ಹೇಳಲಿಲ್ಲ.
ಭಾನುವಾರ ಎದ್ದವನೇ
ಒಂಬತ್ತು ವರ್ಷ ಮಾತು ಬಿಟ್ಟ ತಮ್ಮನಿಗೂ ತನಗೂ
ನಡುವಿದ್ದ ಬೇಲಿಯಿಂದ
ಒಂದು ಗೂಟ ಕಿತ್ತ. ಒಲೆಗಿಟ್ಟ.
ಹೊಗೆ ಮಾತ್ರ ಆ ಕಡೆ ಹೋಯಿತು.

ಮುಂದಿನ ಭಾನುವಾರ ಇನ್ನೊಂದು.
ಒಮ್ಮೆ ಮರೆತ. ಒಮ್ಮೆ ಸಿಟ್ಟು ಬಂದು
ಕಿತ್ತದ್ದನ್ನೇ ಮತ್ತೆ ನೆಟ್ಟ.

ಹಿಮ ಕರಗಿ ರಿಯೋನಿ ಹೊಳೆ ಕದಡುವ ಹೊತ್ತಿಗೆ
ವಾರ್ಲಾಮನ ಕೋಳಿ ಇತ್ತ ದಾಟಿತ್ತು;
ವಾರ್ಲಾಮನ ಮಾತು ಇನ್ನೂ ಇಲ್ಲ.

ನಿನ್ನೆ ಕೂತು ಎಣಿಸಿದ.
ತಾನು ಕಿತ್ತದ್ದು ಹನ್ನೊಂದು.
ಬೇಲಿಯುದ್ದಕ್ಕೂ ಬರಿದಾದ ಕುಳಿ
ಹದಿನಾಲ್ಕು.