ಐವತ್ತು ಮೀಟರಿನ ಕಾನೂನು

"ಎಷ್ಟನೇ ನಂಬರ್ ಬಂದ್ರಿ?" ಅಂತ ಕೇಳ್ತಾರ ಓಣ್ಯಾಗ.
ನಲವತ್ತಮೂರು ಜೋಡ್ಯಾಗ ನಲವತ್ತೊಂದು.
ಉಳಿದೆರಡು ಜೋಡಿ ನಡುವ ಬಿಟ್ಟು ಹೋದ್ವು,
ಅಂದ್ರ ಕಡೇದವರು ನಾವ.
ಇಷ್ಟು ಹೇಳಿದ ಮ್ಯಾಲೆ
ಯಾರೂ ಚಾ ಆಗೂ ತನಕ ಕೂಡೂದಿಲ್ಲ.
ನೀ ಕೂಡು.

ಗುಳೇದಗುಡ್ಡದಾಗ ಹೆಣ್ಮಕ್ಕಳು ಓಡೂದು
ನಳಾ ಬಂದಾಗ, ಇಲ್ಲಾ ಬಸ್ಸು ಬಿಟ್ಟಾಗ.
ನಾ ನಲವತ್ನಾಲ್ಕನೇ ವರ್ಷಕ್ಕ ನಸುಕಿನ್ಯಾಗ
ಮುಚ್ಚಿದ ಅಂಗಡಿ ಮುಂದ ಓಡಿದಾಗ
ಹಾಲಿನ ದುಂಡಪ್ಪ ಸೈಕಲ್ ನಿಲ್ಲಿಸಿ ಕೇಳಿದ,
"ಯಾರಿಗೆ ಏನಾತ್ರೀ ಅಕ್ಕಾರ?"

ಇವರು ಡ್ರಿಲ್ ಮಾಸ್ತರು, ಕೊರಳಾಗ ಸೀಟಿ.
ನಾ ಖಣದ ಅಂಗಡಿಯಾಕಿ, ಕೊರಳಾಗ ಟೇಪು.
ಕೋಟಿ ಗುಡ್ಡ ಹತ್ತಿದ್ವಿ,
ಹಗ್ಗಾ ಹಿಡದು ಬಾದಾಮಿ ಕಲ್ಲು ಇಳದ್ವಿ,
ಮಲಪ್ರಭಾದಾಗ ಟ್ರ್ಯಾಕ್ಟರ್ ಟ್ಯೂಬಿನ ಮ್ಯಾಲೆ ಕುಂತು
ಹುಟ್ಟು ಹಾಕೂದು ಕಲತ್ವಿ.
ಗಿರಗಿರ ತಿರುಗಿ ಮತ್ತ ಅದ ದಂಡಿಗೆ.
ಎಮ್ಮಿ ಮೈ ತೊಳೆಯೂ ಹುಡುಗರು
ಸಂಜಿಕ ಎಣಿಸುವಾಗ ನಮ್ಮನ್ನೂ ಎಣಿಸಿದ್ರು.

ಪಾಟ್ಲಿ ಮಾರಿದ್ದು ಅತ್ತಿಗೆ ಗೊತ್ತೈತಿ, ಕೇಳಿಲ್ಲ.
ಕಿರ್ಗಿಸ್ತಾನ ಅಂದ್ರ "ಪಾಕಿಸ್ತಾನದ ಬಾಜೂಕನ?" ಅಂದ್ರು.
ಐವತ್ತು ಖಡಕ್ ರೊಟ್ಟಿ ಕಟ್ಟಿದ್ರು.

ಅಲ್ಲಿ ಕುದುರಿ ಹಾಲು ಮಾರ್ತಾರ.
ಮೂರು ದಿನ ನಡಿಗಿ, ಸೈಕಲ್ಲು, ಹೊಳಿ.
ನಕಾಶಿ ಒಂದು, ಕಂಪಾಸು ಒಂದು,
ಜಗಳ ಎಷ್ಟರೆ ಮಾಡ್ರಿ.
ಕಾನೂನು ಮಾತ್ರ ಒಂದ:
ಜೋಡಿಯವರು ಐವತ್ತು ಮೀಟರಿಗಿಂತ ದೂರ ಆಗಬಾರದು.
ನನಗ ನಗು ಬಂತು.
ಮದುವಿ ಆದಾಗಿಂದ ಈ ಓಣ್ಯಾಗ
ಇವರು ಮುಂದ, ನಾ ಹಿಂದ,
ನಡುವ ಒಂದು ಚಕ್ಕಡಿ ಹಾಯೂವಷ್ಟು ಜಾಗ.
ಅದಕ್ಕ ಯಾರೂ ಟೇಪು ಹಿಡದಿರಲಿಲ್ಲ.

ತೋಳಿಗೆ ಖಣದ ತುಂಡು ಹೊಲದಿದ್ದೆ.
ಒಂದು ಜರ್ಮನಿ ಹುಡುಗಿ ಮುಟ್ಟಿ ನೋಡಿ
ಯಾವ ಕಂಪನಿ ಅಂದ್ಳು.
ನಂದ ಅಂದೆ.

ಎರಡನೇ ರಾತ್ರಿ ಮಂಜು.
ಹೆಂಗ ಹೇಳಲಿ, ಹತ್ತಿ ಜೀನಿನೊಳಗ ನಿಂತಂಗ,
ಬಾಯಿ ತಗದ್ರ ಬಾಯಾಗ ಬರತಿತ್ತು.
ಇವರ ತಲಿಮ್ಯಾಲಿನ ದೀಪ ಕಾಣತಿತ್ತು,
ಕಾಣತಿತ್ತು,
ಕಾಣಲಿಲ್ಲ.

"ರೀ" ಅಂದೆ.
ಗುಳೇದಗುಡ್ಡದಾಗ ಅಷ್ಟು ಸಾಕು,
ಅಡಗಿ ಮನಿಯಿಂದ ಪಡಸಾಲಿಗೆ ಮುಟ್ಟತೈತಿ.
ಅಲ್ಲಿ ಅದು ನನ್ನ ಕಾಲಾಗ ಬಿತ್ತು.
"ಏನ್ರೀ", "ಮಾಸ್ತರ", "ನೀಲಾನ ಅಪ್ಪಾ",
ಎಲ್ಲಾ ಕೂಗಿದೆ.
ಮಂಜಿಗೆ ಸಂಬಂಧ ತಿಳಿಯೂದಿಲ್ಲ.

ಇಪ್ಪತ್ತೊಂದು ವರ್ಷದಾಗ ಹೆಸರು ಹೇಳಿದ್ದು ಒಂದ ಸಲ,
ನಾದಿನಿ ಹೊಸ್ತಿಲಕ್ಕ ಅಡ್ಡ ನಿಂತಾಗ,
ಒಡಪು ಕಟ್ಟಿ,
ಬೆಳ್ಳಿ ಬಟ್ಟಲದ ಹಿಂದ, ಬೆಲ್ಲದಚ್ಚಿನ ಹಿಂದ
ಹೆಸರು ಬಚ್ಚಿಟ್ಟು, ತಲಿ ತೆಗ್ಗಿಸಿ.
ಆ ಗುಡ್ಡದಾಗ ಬೆಳ್ಳಿ ಬಟ್ಟಲ ಎಲ್ಲಿಂದ ತರಲಿ?

"ಚನಮಲ್ಲಾ!"
ಕೊರಳು ಹರಿಯೂವಂಗ ಒದರಿದೆ.
"ಲೇ ಚನಮಲ್ಲಾ!"
ಆ 'ಲೇ' ಎಲ್ಲಿಂದ ಬಂತೋ, ನಮ್ಮವ್ವನ ಆಣಿ.

ಸೀಟಿ ಕೇಳಿತು. ಕೆಳಗಿನ ತೆಗ್ಗಿನಿಂದ.

ಕಾಲು ಉಳುಕಿ ಕುಂತಿದ್ರು, ತುಟಿ ಥಂಡಿಗೆ ಸೆಟದಿದ್ವು.
ಚೀಲದಾಗಿನ ರೊಟ್ಟಿ ಪುಡಿಪುಡಿ ಆಗಿತ್ತು,
ಶೇಂಗಾ ಹಿಂಡಿ ಹಾಕಿ ನೀರಾಗ ಕಲಸಿದೆ,
ಒಂದ ಡಬ್ಬಿಯಾಗ ಇಬ್ಬರೂ ಕುಡದ್ವಿ.
ಮೊದಲ ಯಾಕ ಊದಲಿಲ್ಲ ಅಂತ ಬೈದ್ರ
"ಯಾರನ್ನ ಕರೀತಿದ್ದಿ ಅಂತ ತಿಳೀಲಿಲ್ಲ" ಅಂದ್ರು.

ಮರುದಿನ ನಾ ಮುಂದ, ಇವರು ಕುಂಟಕೋತ ಹಿಂದ.
ನಾವು ಮುಟ್ಟಿದಾಗ ಕಡೇ ಗೆರಿಯ ರಿಬ್ಬನ್ನು
ಸುತ್ತಿ ಜೀಪಿನ್ಯಾಗ ಇಟ್ಟಿದ್ರು.
ಒಬ್ಬ ಹುಡುಗ ಓಡಿ ಹೋಗಿ ತಂದು
ಮತ್ತ ಹಿಡದು ನಿಂತ,
ಇನ್ನೊಂದು ತುದಿಗೆ ಯಾರೂ ಇರಲಿಲ್ಲ, ಕುದುರಿಗೆ ಕಟ್ಟಿದ.

ನೋಡು, ಚಾ ಆತು.
"ರೀ" ಅಂದ್ನಿ, ಕೇಳಿದಿ ಹೌದಿಲ್ಲೊ?
ಕೇಳಸಲಾರದವರಂಗ ಪೇಪರ್ ಓದತಾರ.
ಬಂದಾಗಿಂದ ಹಿಂಗ.
ಎರಡು ಸಲ ಕರದ್ರೂ ಹಾಳಿ ಮಗುಚತಾರ,
ಮೀಸಿ ಮಾತ್ರ ಒಂಚೂರು ಅಳ್ಳಾಡತೈತಿ.
ಅತ್ತಿ ಒಳಗ ಅದಾರ, ಬಾಗಲಾ ತಗದೈತಿ,
ಓಣಿ ತುಂಬ ಮಂದಿ.

ಚಾ ಆರಾಕತ್ತೈತಿ.