ಕೊನೀ ಮನಿ

ಸೀಸದ ಏಪ್ರನ್ನಿನ ಭಾರಕ್ಕೆ ನನ್ನ ಹೆಗಲು ಹೊಂದಿಕೊಂಡಿದೆ.
ಸೋಲಾಪುರದ ಈ ತಣ್ಣನೆಯ ಕೋಣೆಯಲ್ಲಿ
ಡಾಕ್ಟರು ಮರಾಠಿ, ಯಂತ್ರ ಎಲ್ಲಿಯದೋ,
ಮೇಜಿನ ಮೇಲೆ ಮಲಗಿದವರು ಮಾತ್ರ ಕನ್ನಡ.
ಹಾಗಾಗಿ ಎಲ್ಲ ನನ್ನನ್ನೇ ಕೇಳುತ್ತಾರೆ.

ಗುರುಲಿಂಗ ಹತ್ತೂರೆ, ಅರವತ್ತಾರು, ಎಡಗಾಲು.
ಮಹಾಪಾಲಿಕೆಯಲ್ಲಿ ಮೂವತ್ತೊಂದು ವರ್ಷ
ಗಲ್ಲಿಗಲ್ಲಿಗೆ ನೀರಿನ ಚಾವಿ ತಿರುಗಿಸಿದವರು.
ಸಕ್ಕರೆ ಕಾಯಿಲೆ. ದಿನಕ್ಕೊಂದು ಕಟ್ಟು ಬೀಡಿ.
"ನಸುಕಿನ್ಯಾಗ ನೀರು ಬರೂತನಕ ಮತ್ತೇನ್ ಮಾಡ್ಲೆವಾ?"
ಎರಡನೇ ಬೆರಳು ಸುಟ್ಟ ಬದನೆಕಾಯಿಯ ತೊಟ್ಟು.

"ಅಲ್ಲಾಡಬ್ಯಾಡ್ರಿ ಕಾಕಾ, ಕಾಲು ಬಿಸಿ ಆಕ್ಕೈತಿ."
ಗುಂಡಿ ಒತ್ತುತ್ತೇನೆ.
ಯಂತ್ರ ಮೊದಲು ಎಲುಬನ್ನು ಕಳೆಯುತ್ತದೆ,
ಆಮೇಲೆ ಮಾಂಸ,
ಅರವತ್ತಾರು ವರ್ಷ ನಡೆದದ್ದನ್ನೆಲ್ಲ ಕಳೆದು
ಹರಿಯುವುದನ್ನಷ್ಟೇ ಉಳಿಸುತ್ತದೆ.
ತೊಡೆಯಲ್ಲಿ ಗೇಣುದ್ದ ಏನೂ ಉಳಿಯಲಿಲ್ಲ.

ತಂತಿ ಹೋಯಿತು. ಬಲೂನು ಉಬ್ಬಿತು,
ಎರಡು ನಿಮಿಷ ತಡೆದು ಇಳಿಯಿತು.
ಮತ್ತೆ ಚಿತ್ರ: ಮೊಣಕಾಲು ದಾಟಿ ಶಾಯಿಯ ನೇರ ಗೆರೆ.
"ಝಾಲಂ" ಎಂದು ಡಾಕ್ಟರು ಕೈಗವಸು ಕಳಚಿದರು.

"ಕೊನೀ ಮನಿಗೆ ಬಂತೇನವಾ?"

ಕಾಕಾನಿಗೆ ಪರದೆ ಕಾಣುವುದಿಲ್ಲ.
ನಾನು ಬಣ್ಣದ ನಕಾಶೆ ತೆರೆದೆ.
ಬೇಗ ಬಂದ ರಕ್ತ ಕೆಂಪು, ತಡವಾದದ್ದು ಹಸಿರು,
ಇನ್ನೂ ತಡವಾದದ್ದು ನೀಲಿ,
ಬಾರದ್ದಕ್ಕೆ ಬಣ್ಣ ಇಟ್ಟಿಲ್ಲ.
ಕಣಕಾಲಿನವರೆಗೆ ಕೆಂಪು. ಹಿಮ್ಮಡಿ ನೀಲಿ.
ಬೆರಳುಗಳಿರಬೇಕಾದಲ್ಲಿ ಬರೀ ಪರದೆ.

ಸುಮ್ಮನಿದ್ದೆ. ಆ ಸುಮ್ಮನಿರುವಿಕೆ ಅವರಿಗೆ ಹಳೆಯ ಪರಿಚಯ.

"ಮೇನ್ ಲೈನಿನ್ಯಾಗ ಭೋರ್ ಅಂತಿತ್ತು,
ಸಾಹೇಬ ಸಹಿ ಹಾಕಿ ಹೊಂಟೇ ಬಿಡಾವ.
ಗಲ್ಲಿ ತುದೀಗೆ ಶರೀಫಾಬೀ ನಳದಾಗ ಬರೇ ಗಾಳಿ.
ನಾ ಚಾವಿ ಹೆಗಲಿಗಿಟ್ಟು ನಡಕೋತ ಹೋಗಿ
ಆಕಿ ನಳದ ಬುಡಕ ಕೈ ಹಿಡೀತಿದ್ದೆ.
ಕೈ ತೊಯ್ದ ಮ್ಯಾಲೇ ನನ್ನ ಸಹಿ."

ಏನಂತೆ, ಎಂದರು ಡಾಕ್ಟರು.
ಶರೀಫಾಬೀಯನ್ನು ಮರಾಠಿಗೆ ತರಲು ಹೊತ್ತಿರಲಿಲ್ಲ.
ಪರದೆಯನ್ನು ಅವರತ್ತ ತಿರುಗಿಸಿದೆ.
ನೋಡಿದರು. ಒಂದು ನಿಟ್ಟುಸಿರು, ಹೊಸ ಕೈಗವಸು.
ಕೂದಲಿನಷ್ಟು ತೆಳುವಾದ ತಂತಿ
ಕಣಕಾಲಿನ ಕೆಳಗೆ ದಾರಿ ಕೇಳುತ್ತ ಹೋಯಿತು;
ಎರಡು ಸಲ ಮಡಿಚಿ ಹಿಂದೆ ಬಂತು,
ಮೂರನೆಯ ಸಲ ಹೋಯಿತು.
ನಲವತ್ತು ನಿಮಿಷ. ನನ್ನ ಸೊಂಟ ಎಣಿಸಿದೆ.

"ಮತ್ತೊಮ್ಮೆ ಬಿಸಿ ಆಕ್ಕೈತಿ, ಕಾಕಾ."

ಮೊದಲು ಹಿಮ್ಮಡಿ ಹಸಿರಾಯಿತು.
ಆಮೇಲೆ ಏನೂ ಇಲ್ಲ, ಏನೂ ಇಲ್ಲ,
ಆಮೇಲೆ ಹೆಬ್ಬೆರಳಿನ ಅಂಚಿನಲ್ಲಿ ನೀಲಿ,
ಕಿರುಬೆರಳಿಗೂ ಒಂದು ನೀಲಿ ಎಳೆ.
"ಬಂತು" ಎಂದೆ.
"ಎಷ್ಟೊತ್ತಿಗೆ?"
"ಹನ್ನೊಂದು ಸೆಕೆಂಡು."
"ತಡಾ ಆತು" ಎಂದು ಕಣ್ಣು ಮುಚ್ಚಿದರು. "ನಡೀತೈತಿ."

ಎರಡನೇ ಬೆರಳಿನ ಮಾತು ನಾನೇ ಎತ್ತಬೇಕಾಯಿತು.
ಅದರಲ್ಲಿ ಬಣ್ಣ ಬರಲಿಲ್ಲ, ಅದನ್ನು ತೆಗೀತಾರ, ಎಂದೆ.

"ಗೊತ್ತೈತಿ ಬಿಡವಾ. ಆ ಮನಿಯವರು
ಹೋದ ತಿಂಗಳೇ ಕೀಲಿ ಹಾಕ್ಕೊಂಡು ಹೋಗ್ಯಾರ."

ಫೈಲು ಉಳಿಸಿದೆ. ಹೆಸರು, ವಯಸ್ಸು, ಎಡ.
ಟಿಪ್ಪಣಿಯ ಖಾಲಿ ಚೌಕದಲ್ಲಿ ಏನು ಬರೆಯಲೆಂದು ತಿಳಿಯದೆ
ತುದಿಯವರೆಗೆ ನೋಡಲಾಗಿದೆ, ಎಂದಷ್ಟೇ ಬರೆದೆ.
ಏಪ್ರನ್ ಕಳಚುವ ಮೊದಲು
ಹೊದಿಕೆಯ ಕೆಳಗೆ ಕೈ ಹಾಕಿ
ಹೆಬ್ಬೆರಳು ಮುಟ್ಟಿದೆ.