ಐವತ್ತು ಗಂಟೆ

ವರ್ಷಕ್ಕೆ ಐವತ್ತು ಗಂಟೆ ಕಲಿಯಬೇಕಂತೆ, ಕಲಿಸುವವರು.
ಕಲಿತದ್ದಕ್ಕೆ ಪುರಾವೆಯೂ ಬೇಕಂತೆ.
ನನ್ನದು ನಲವತ್ತಾರೂವರೆ ಆಗಿತ್ತು,
ಗಡುವಿಗೆ ಇನ್ನೆರಡೇ ದಿನ.

ಶ್ರೀರಾಂಪುರದಲ್ಲಿ ಮೆಟ್ರೊ ಹಾದಿಗೆ ಅಂಟಿಕೊಂಡಂತಿದೆ ನಮ್ಮ ಶಾಲೆ.
ರೈಲು ಬಂದಾಗಲೆಲ್ಲ ಪಾಠ ನಿಲ್ಲುತ್ತದೆ,
ಹೋದ ಮೇಲೆ ಅರ್ಧ ಪದದಿಂದ ಮುಂದುವರಿಯುತ್ತದೆ.
ಮಕ್ಕಳಿಗೆ ಅಭ್ಯಾಸವಾಗಿದೆ. ಇಪ್ಪತ್ತೇಳು ವರ್ಷ
ಗಣಿತ ಹೇಳಿದವಳಿಗೆ ಇನ್ನೂ ಇಲ್ಲ.

ನಾಲ್ಕು ಶನಿವಾರ ತರಬೇತಿ ನಡೆಯಿತು.
ಆರನೇ ತರಗತಿಯ ಡೆಸ್ಕುಗಳಲ್ಲಿ ಮಂಡಿ ಸಿಕ್ಕಿಸಿಕೊಂಡು
ಕೂತೆವು, ನಲವತ್ತು ಜನ ನರೆಗೂದಲಿನವರು.
ಗುಂಪು ಮಾಡಿ ನದಿಗಳ ಹೆಸರಿಟ್ಟರು:
ಕಾವೇರಿ, ಶರಾವತಿ, ನೇತ್ರಾವತಿ,
ನಮ್ಮ ಪಾಲಿಗೆ ವೃಷಭಾವತಿ.
ಕೂಗಿದಾಗಲೆಲ್ಲ ಯಾರೋ ಮೂಗು ಮುಚ್ಚಿಕೊಳ್ಳುವರು,
ನಾವೂ ನಗುವೆವು.
ಕಾಕ್ಸ್ ಟೌನಿನ ಪಿಂಟೊ ಮೇಷ್ಟರು ಕೈವಾರದ ಮೊನೆಯಲ್ಲಿ
ಡೆಸ್ಕಿನ ಮೇಲೊಂದು ಮೀನು ಕೆತ್ತಿ
ಚಾರ್ಟ್ ಪೇಪರ್ ಮುಚ್ಚಿಟ್ಟರು.
ಮಧ್ಯಾಹ್ನ ತಣ್ಣಗಿನ ಪಲಾವು.

ಉಳಿದ ಮೂರೂವರೆ ಗಂಟೆ ಮೊಬೈಲಿನಲ್ಲಿ,
ರಾತ್ರಿ, ಅಡುಗೆಕಟ್ಟೆಗೆ ಒರಗಿಸಿಟ್ಟುಕೊಂಡು.
ಕಡೆಗೆ ಇಪ್ಪತ್ತು ಪ್ರಶ್ನೆ.
ಒಂಬತ್ತನೆಯದು:
ಕಪ್ಪುಹಲಗೆಯ ಮುಂದೆ ಮಗು ಮಾತಿಲ್ಲದೆ ನಿಂತರೆ
ನೀವೇನು ಮಾಡುತ್ತೀರಿ?
ಪ್ರಾಮಾಣಿಕವಾಗಿಯೇ ಒತ್ತಿದೆ:
ಇ) ಬೇರೆ ಮಗುವನ್ನು ಕರೆಯುತ್ತೇನೆ.

ಇಪ್ಪತ್ತಕ್ಕೆ ಒಂಬತ್ತು ಬಂತು.
ಬೆವರಿದೆ, ನಿಜವಾಗಿ, ಆ ವಯಸ್ಸಿನಲ್ಲಿ ಬೆವರಿದ ಹಾಗೆ.
ಕೆಳಗೆ ನೀಲಿ ಅಕ್ಷರದಲ್ಲಿ ಎರಡು ಸಾಲು:
ಪರವಾಗಿಲ್ಲ.
ಮತ್ತೆ ಪ್ರಯತ್ನಿಸಿ.

ಪರವಾಗಿಲ್ಲ ಅಂತ ನಾನೂ ಅಂದಿದ್ದೇನೆ,
ಚಿಲ್ಲರೆಯಿಲ್ಲದ ಆಟೋದವನಿಗೆ,
ಸೀರೆಗೆ ಕಾಫಿ ಚೆಲ್ಲಿದ ನಾದಿನಿಗೆ.
ಎಂಟನೇ ಬಿ ಸೆಕ್ಷನ್ನಿನ ಮುನಿಲಕ್ಷ್ಮಿಗೆ ಅಂದಿರಲಿಲ್ಲ.
ಪೀಣ್ಯದ ಗಾರ್ಮೆಂಟ್ಸಿಗೆ ಅಮ್ಮನನ್ನು ಕಳಿಸಿ,
ತಮ್ಮನನ್ನು ಅಂಗನವಾಡಿಗೆ ಬಿಟ್ಟು
ಪರೀಕ್ಷೆಗೆ ತಡವಾಗಿ ಬಂದಿದ್ದಳು.
‘ಮಿಸ್, ಇದೊಂದು ಇನ್ನೊಂದ್ಸಲ ಮಾಡ್ಲಾ?’
ಬೆಲ್ ಆಯ್ತು ಕೊಡು, ಎಂದು ಎಳೆದೆ.
ಅವಳು ಬಿಡಲಿಲ್ಲ.
ಹಾಳೆಯ ಮೂಲೆ ಹರಿದು ಅವಳ ಮುಷ್ಟಿಯಲ್ಲಿ ಉಳಿಯಿತು.
ಹೆಸರಿದ್ದದ್ದು ಆ ಮೂಲೆಯಲ್ಲಿ.
ಹರಿದ ಜಾಗದ ಪಕ್ಕ ನಾನೇ ಬರೆದುಕೊಂಡೆ ಹೆಸರು,
ಕೆಂಪು ಶಾಯಿಯಲ್ಲಿ,
ಅದರ ಮುಂದೆ ಅಂಕ.

ಎರಡನೇ ಸಲ ಹದಿಮೂರು.
ಮೂರನೇ ಸಲಕ್ಕೆ ಪಾಸು.
ಹನ್ನೆರಡೂ ನಲವತ್ತಾಗಿತ್ತು, ಬೀದಿನಾಯಿಗಳೂ ಮಲಗಿದ್ದವು.
ಪ್ರಮಾಣಪತ್ರದಲ್ಲಿ ನಾನು ಸುಗುಣಾವತಿ ಸುಗುಣಾವತಿ.
ಮನೆತನದ ಹೆಸರು ಕಡ್ಡಾಯ ಎಂದಿತ್ತು ಫಾರಮ್ಮು;
ಇಲ್ಲದ್ದನ್ನು ಎಲ್ಲಿಂದ ತರಲಿ,
ಇರುವುದನ್ನೇ ಎರಡು ಸಲ ತುಂಬಿದ್ದೆ.
ಮುದ್ರೆ ಒತ್ತುವಾಗ ಗುಮಾಸ್ತರು ತಲೆಯೆತ್ತಿ
‘ಇಬ್ಬರದೂ ಒಂದೇ ಹಾಳೇಲಿ ಬಂತಾ ಮೇಡಂ?’ ಎಂದರು.

ಮಾರನೇ ದಿನ ಮೂರನೇ ಪೀರಿಯಡ್ಡು.
ಅಫ್ರೋಜ್ ಹಲಗೆಯ ಮುಂದೆ,
ಮುಕ್ಕಾಲನ್ನು ಅರ್ಧದಿಂದ ಭಾಗಿಸಬೇಕು.
ಸೀಮೆಸುಣ್ಣ ಎತ್ತಿದ ಕೈ ಅಲ್ಲೇ ನಿಂತಿದೆ.
ಹಿಂದಿನಿಂದ ಐದಾರು ಕೈ ಮೇಲೆದ್ದವು:
‘ಮಿಸ್ ನಾನು, ಮಿಸ್ ನಾನು.’
ರೈಲು ಬಂತು. ಎಲ್ಲ ನಿಂತಿತು.
ಹೋಯಿತು.
ನಾನಿನ್ನೂ ಸುಮ್ಮನಿದ್ದೆ.
ಎತ್ತಿದ ಕೈಗಳು ಸೋತು ಒಂದೊಂದೇ ಇಳಿದವು.
ಅವನು ತಿರುಗಿ ನನ್ನ ಮುಖ ನೋಡಿದ,
ಏನೋ ತಪ್ಪಾಗಿದೆ ನನಗೆ ಅನ್ನುವ ಹಾಗೆ.
ಆಮೇಲೆ ಅಂಗಿಯ ತೋಳಿನಿಂದ ಬರೆದದ್ದನ್ನೆಲ್ಲ ಒರೆಸಿ
ಮೇಲಿಂದ ಶುರುಮಾಡಿದ.